ಯಾವ ಗಿಡದ ಬೀಜ ತೆಗೆದುಕೊಳ್ಳಬೇಕು? ಅಳಿವಿನಂಚಿನ ಸಸ್ಯಗಳೂ ಡಿಎನ್‌ಎ ಮಾರ್ಕರ್‌ಗಳೂ

ಹವಾಯಿಯ ಮೌನಾ ಕಿಯಾ ಪರ್ವತದ ಎತ್ತರದ ಇಳಿಜಾರಿನಲ್ಲಿ ಸಿಲ್ವರ್‌ಸ್ವೋರ್ಡ್ ಎಂಬ ಗಿಡ ಬೆಳೆಯುತ್ತದೆ. ಉದ್ದನೆಯ ಚೂಪು ಎಲೆ, ಎಲೆ ಮೇಲೆಲ್ಲ ಬೆಳ್ಳಿ ಬಣ್ಣದ ರೋಮ. ಹತ್ತಾರು ವರ್ಷ ನೆಲಕ್ಕೆ ಅಂಟಿಕೊಂಡು ಬೆಳೆದು, ಒಂದೇ ಒಂದು ಸಲ ಎತ್ತರದ ಹೂಗೊಂಚಲು ಬಿಟ್ಟು, ಬೀಜ ಉದುರಿಸಿ ಸತ್ತುಹೋಗುತ್ತದೆ. ಹೊರಗಿನಿಂದ ಬಂದು ಕಾಡುಪಾಲಾದ ಕುರಿ, ಮೇಕೆಗಳು ಇದನ್ನು ಮೇಯ್ದು ಮೇಯ್ದು, ಕೊನೆಗೆ ತಾನಾಗಿ ಬೆಳೆದ ಗಿಡ 50ಕ್ಕಿಂತ ಕಡಿಮೆ ಉಳಿದವು. 1970ರ ದಶಕದಲ್ಲಿ ಬೀಜ ತಂದು, ಸಸಿ ಮಾಡಿ, ಮತ್ತೆ ಬೆಟ್ಟದಲ್ಲಿ ನೆಡುವ ಕೆಲಸ ಶುರುವಾಯಿತು. 1990ರ ದಶಕದ ಹೊತ್ತಿಗೆ ನೆಟ್ಟ ಗಿಡಗಳ ಸಂಖ್ಯೆ 450 ದಾಟಿತ್ತು.

ಎಣಿಕೆಯ ಪ್ರಕಾರ ಇದು ಗೆಲುವೇ. ಆದರೆ ಆ 450ಕ್ಕೂ ಹೆಚ್ಚು ಗಿಡಗಳು ಎರಡೇ ಎರಡು ತಾಯಿಗಿಡಗಳ ಮಕ್ಕಳು, ಮೊಮ್ಮಕ್ಕಳು. ಇದರ ಪರಿಣಾಮ ಏನು ಅಂತ ತಿಳಿಯಲು ಸಂಶೋಧಕರು ಗಿಡದ ಡಿಎನ್‌ಎಯ ಎಂಟು ಜಾಗಗಳನ್ನು ಪರೀಕ್ಷೆ ಮಾಡಿದರು. 2000ದಲ್ಲಿ ಪ್ರಕಟವಾದ ಫಲಿತಾಂಶವನ್ನು ಈಗ ಓದಿದರೂ ಮನಸ್ಸು ಭಾರವಾಗುತ್ತದೆ. ಕುರಿ, ಮೇಕೆಗಳಿಂದ ಸಂಖ್ಯೆ ಅಷ್ಟು ಕುಸಿದಿದ್ದರೂ, ಉಳಿದಿದ್ದ ಸಹಜ ಗಿಡಗಳಲ್ಲಿ ಆನುವಂಶಿಕ ವೈವಿಧ್ಯ ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದು ಮನುಷ್ಯರು ಕಾಪಾಡಲೆಂದೇ ನೆಟ್ಟ ಗಿಡಗಳಲ್ಲಿ. ಹೆಚ್ಚೆಂದರೆ ಮೂರು ಗಿಡಗಳಿಂದ ಬಂದ ಸಂತತಿ ಇದು ಅಂತ ಡಿಎನ್‌ಎ ಲೆಕ್ಕವೂ ಹೇಳಿತು.

ಇಡೀ ವಿಷಯದ ತಿರುಳು ಈ ಒಂದು ಉದಾಹರಣೆಯಲ್ಲಿದೆ. ಅಳಿವಿನಂಚಿನ ಗಿಡವೊಂದರ ಬಗ್ಗೆ ನಾವು ತೆಗೆದುಕೊಳ್ಳುವ ನಿರ್ಧಾರಗಳು ತೀರಾ ಸರಳವಾದವು. ಯಾವ ಗಿಡದಿಂದ ಬೀಜ ತೆಗೆಯಬೇಕು, ಎಷ್ಟು ಗಿಡಗಳಿಂದ, ಎಲ್ಲಿ ನೆಡಬೇಕು, ಯಾವುದರ ಜೊತೆ ಯಾವುದನ್ನು ಸೇರಿಸಬಾರದು. ಡಿಎನ್‌ಎ ಮಾರ್ಕರ್‌ಗಳು ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಅವುಗಳಷ್ಟು ಉಪಯುಕ್ತ ಸಾಧನ ಇನ್ನೊಂದಿಲ್ಲ. ಈ ಪ್ರಶ್ನೆಗಳನ್ನು ಕೇಳದೆ, ‘ಈ ಪ್ರಭೇದದಲ್ಲಿ ವೈವಿಧ್ಯ ಇಷ್ಟು ಶೇಕಡಾ’ ಅಂತ ಒಂದು ಅಂಕಿ ಬರೆದು ಮುಗಿಸಿದರೆ, ಆ ಅಂಕಿಯಿಂದ ಕಾಡಿನಲ್ಲಿರುವ ಗಿಡಕ್ಕೆ ಏನೂ ಆಗುವುದಿಲ್ಲ. ದುಃಖದ ಸಂಗತಿ ಅಂದರೆ, ಎರಡನೆಯ ಬಗೆಯ ಅಧ್ಯಯನಗಳೇ ಜಾಸ್ತಿ.

ಎಲೆಯಿಂದ ಅಂಕಿಯವರೆಗೆ

ಮಾರ್ಕರ್ ಅಂದರೆ ಡಿಎನ್‌ಎಯಲ್ಲಿ ಒಂದು ಗಿಡದಿಂದ ಇನ್ನೊಂದಕ್ಕೆ ವ್ಯತ್ಯಾಸ ಕಾಣಿಸಬಹುದಾದ ಒಂದು ಗೊತ್ತಾದ ಜಾಗ. ಅಷ್ಟೇ. ಆ ಜಾಗ ಯಾವುದಾದರೂ ಗುಣಕ್ಕೆ ಕಾರಣವಾಗಿರಬೇಕು ಅಂತೇನಿಲ್ಲ. ಬಹಳಷ್ಟು ಮಾರ್ಕರ್‌ಗಳು ಗಿಡದ ಎತ್ತರಕ್ಕೂ ಹೂವಿನ ಬಣ್ಣಕ್ಕೂ ಸಂಬಂಧವೇ ಇಲ್ಲದ ಜಾಗದಲ್ಲಿರುತ್ತವೆ. ಯಾರು ಯಾರ ಸಂಬಂಧಿ, ಯಾರು ಯಾರಿಂದ ದೂರ ಅನ್ನುವುದನ್ನು ತಿಳಿಯಲು ಅವು ಸಾಕು.

ಕೆಲಸ ಶುರುವಾಗುವುದು ಒಂದು ಎಲೆಯಿಂದ. ಅಪರೂಪದ ಗಿಡವಾದ್ದರಿಂದ ಜಾಸ್ತಿ ಕೀಳುವಂತಿಲ್ಲ. ಎರಡು ಬೆರಳಗಲದ ಎಳೆಯ ಎಲೆತುಂಡು ಸಾಕಾಗುತ್ತದೆ. ಅದನ್ನು ಸಿಲಿಕಾ ಜೆಲ್ ತುಂಬಿದ ಪೊಟ್ಟಣದಲ್ಲಿ ಹಾಕಿದರೆ ಒಂದೆರಡು ದಿನದಲ್ಲಿ ಗರಿಗರಿಯಾಗಿ ಒಣಗುತ್ತದೆ. ಬೇಗ ಒಣಗಿದಷ್ಟೂ ಡಿಎನ್‌ಎ ಚೆನ್ನಾಗಿ ಉಳಿಯುತ್ತದೆ. ಆಮೇಲೆ ಪ್ರಯೋಗಾಲಯದಲ್ಲಿ ಎಲೆಯನ್ನು ಪುಡಿಮಾಡಿ, ಸಿಟ್ಯಾಬ್ ಅನ್ನುವ ರಾಸಾಯನಿಕದ ದ್ರಾವಣದಲ್ಲಿ ಬಿಸಿಮಾಡಿ, ಡಿಎನ್‌ಎ ಬೇರ್ಪಡಿಸುತ್ತಾರೆ. 1987ರಲ್ಲಿ ಜನಪ್ರಿಯವಾದ ಈ ವಿಧಾನವೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ನಡೆಯುತ್ತಿದೆ. ಅಂಟು, ಟ್ಯಾನಿನ್ ತುಂಬಿದ ಎಲೆಗಳು ಇಲ್ಲಿ ಬಹಳ ಕಾಡುತ್ತವೆ. ಡಿಎನ್‌ಎ ಬಿಳಿ ಎಳೆಯಾಗಿ ಬರುವ ಬದಲು ಕಂದು ಲೋಳೆಯಾಗಿ ಬಂತೆಂದರೆ ಮುಂದಿನ ಹೆಜ್ಜೆ ನಡೆಯುವುದಿಲ್ಲ.

ಮುಂದಿನ ಹೆಜ್ಜೆ ಪಿಸಿಆರ್. 1983ರಲ್ಲಿ ಕ್ಯಾರಿ ಮಲಿಸ್ ರೂಪಿಸಿದ, ಅವರಿಗೆ 1993ರಲ್ಲಿ ನೊಬೆಲ್ ತಂದುಕೊಟ್ಟ ವಿಧಾನ. ಡಿಎನ್‌ಎಯ ಬೇಕಾದ ಜಾಗವನ್ನಷ್ಟೇ ಆರಿಸಿ ಲಕ್ಷಾಂತರ ಪ್ರತಿ ಮಾಡುತ್ತದೆ. ಉದಾಹರಣೆಗೆ ಮೈಕ್ರೋಸ್ಯಾಟಲೈಟ್ ಮಾರ್ಕರ್ ತೆಗೆದುಕೊಳ್ಳೋಣ. ಇದರಲ್ಲಿ ಜಿಎ, ಜಿಎ, ಜಿಎ ಅಂತ ಒಂದೇ ಅಕ್ಷರಜೋಡಿ ಸಾಲಾಗಿ ಮರುಕಳಿಸುತ್ತದೆ. ಒಂದು ಗಿಡದಲ್ಲಿ 12 ಸಲ, ಇನ್ನೊಂದರಲ್ಲಿ 15 ಸಲ. ಹಾಗಾಗಿ ಆ ತುಂಡಿನ ಉದ್ದ ಬೇರೆಬೇರೆ ಇರುತ್ತದೆ. ಯಂತ್ರ ಆ ಉದ್ದವನ್ನು ಅಳೆದು ಪ್ರತಿ ಗಿಡಕ್ಕೂ 152, 158 ಅಂತ ಎರಡೆರಡು ಅಂಕಿ ಕೊಡುತ್ತದೆ. ಒಂದು ತಾಯಿಗಿಡದಿಂದ ಬಂದದ್ದು, ಇನ್ನೊಂದು ಪರಾಗದಿಂದ ಬಂದದ್ದು. ಇಂಥ ಒಂದೊಂದು ರೂಪಕ್ಕೂ ಅಲೀಲ್ ಎಂದು ಹೆಸರು. ಎರಡೂ ಬೇರೆಯಾಗಿದ್ದರೆ ಆ ಗಿಡ ಆ ಜಾಗದಲ್ಲಿ ಹೆಟೆರೋಝೈಗಸ್. ಎರಡೂ ಒಂದೇ ಆಗಿದ್ದರೆ ಹೋಮೋಝೈಗಸ್.

ಒಂದು ಗುಂಪಿನಲ್ಲಿ ಹೆಟೆರೋಝೈಗಸ್ ಗಿಡಗಳು ಎಷ್ಟಿವೆ, ಒಟ್ಟು ಎಷ್ಟು ಬಗೆಯ ಅಲೀಲ್‌ಗಳಿವೆ, ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ಅಲೀಲ್‌ಗಳ ಪ್ರಮಾಣದಲ್ಲಿ ಎಷ್ಟು ವ್ಯತ್ಯಾಸ. ಬಹುತೇಕ ಎಲ್ಲ ವಿಶ್ಲೇಷಣೆಯೂ ಈ ಮೂರರ ಸುತ್ತ ತಿರುಗುತ್ತದೆ.

ಇಲ್ಲಿ ಸಿಲ್ವರ್‌ಸ್ವೋರ್ಡ್ ಅಧ್ಯಯನದ ಒಂದು ಸೂಕ್ಷ್ಮ ಹೇಳಲೇಬೇಕು. ನೆಟ್ಟ ಗಿಡಗಳಲ್ಲಿ ಅಲೀಲ್‌ಗಳ ಸಂಖ್ಯೆ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಆದರೆ ಪರೀಕ್ಷೆಯಲ್ಲಿ ಕಂಡ ಹೆಟೆರೋಝೈಗೋಸಿಟಿ, ಅಂದರೆ ಎಷ್ಟು ಗಿಡಗಳಲ್ಲಿ ಎರಡು ಬೇರೆ ಅಲೀಲ್ ಇವೆ ಅನ್ನುವ ಪ್ರಮಾಣ, ಗಮನಾರ್ಹವಾಗಿ ಇಳಿದಿರಲಿಲ್ಲ. ಇದು ಹೇಗೆ ಸಾಧ್ಯ? ಸಂಬಂಧವೇ ಇಲ್ಲದ ಎರಡು ಗಿಡಗಳನ್ನು ಕೂಡಿಸಿದರೆ ಮಕ್ಕಳಲ್ಲಿ ಎರಡು ಬೇರೆ ಅಲೀಲ್ ಇರುವ ಸಾಧ್ಯತೆ ಜಾಸ್ತಿಯೇ. ಮೊದಲ ಪೀಳಿಗೆ ನೋಡಲು ಸಮೃದ್ಧವಾಗಿಯೇ ಇರುತ್ತದೆ. ಆದರೆ ಆ ಇಬ್ಬರು ತರದೇ ಹೋದ ಅಲೀಲ್‌ಗಳು ನೆಟ್ಟ ಗುಂಪಿಗೆ ಸೇರಲೇ ಇಲ್ಲ. ಕೇವಲ ಹೆಟೆರೋಝೈಗೋಸಿಟಿ ಅಳೆದು ವರದಿ ಬರೆದಿದ್ದರೆ ‘ಎಲ್ಲ ಚೆನ್ನಾಗಿದೆ’ ಅಂತ ಬರುತ್ತಿತ್ತು. ಯಾವುದನ್ನು ಅಳೆಯುತ್ತೇವೆ ಅನ್ನುವುದು ಅಷ್ಟು ಮುಖ್ಯ.

ಎಷ್ಟು ಗಿಡಗಳಿಂದ ಬೀಜ ತೆಗೆದರೆ ಸಾಕು?

ಲೆಕ್ಕ ಕಷ್ಟದ್ದಲ್ಲ. ಒಂದು ಅಲೀಲ್ ಗುಂಪಿನಲ್ಲಿ ಶೇ 5ರಷ್ಟು ಮಾತ್ರ ಇದೆ ಅಂದುಕೊಳ್ಳಿ. ಪರಸ್ಪರ ಸಂಬಂಧವಿಲ್ಲದ 10 ಗಿಡ ಆರಿಸಿದರೆ ನಮ್ಮ ಕೈಯಲ್ಲಿ 20 ಪ್ರತಿಗಳಿರುತ್ತವೆ. ಆ ಇಪ್ಪತ್ತರಲ್ಲಿ ಒಂದರಲ್ಲೂ ಆ ಅಲೀಲ್ ಇಲ್ಲದಿರುವ ಸಾಧ್ಯತೆ ಸುಮಾರು ಶೇ 36. ಅಂದರೆ ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚು ಸಲ ಅದನ್ನು ಕಳೆದುಕೊಳ್ಳುತ್ತೇವೆ. 30 ಗಿಡಗಳಾದರೆ ಆ ಸಾಧ್ಯತೆ ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಬೀಜ ಬ್ಯಾಂಕ್‌ಗಳ ಮಾರ್ಗಸೂಚಿಗಳಲ್ಲಿ ಒಂದು ಗುಂಪಿನಿಂದ ಕನಿಷ್ಠ 30, ಸಾಧ್ಯವಾದರೆ 50 ಗಿಡ ಅಂತ ಬರುವುದಕ್ಕೆ ಹಿನ್ನೆಲೆ ಇಂಥ ಲೆಕ್ಕವೇ. ಆದರೆ ‘ಸಂಬಂಧವಿಲ್ಲದ’ ಅನ್ನುವ ಮಾತು ಗಮನಿಸಿ. ಒಂದೇ ತಾಯಿಮರದ ಕೆಳಗೆ ಬೆಳೆದ 30 ಗಿಡಗಳಿಂದ ಬೀಜ ತೆಗೆದರೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಯಾವುದು ಯಾವುದರ ಮಗು ಅಂತ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹೇಳಲು ಮಾರ್ಕರ್ ಬೇಕು.

ಸಣ್ಣ ಗುಂಪು ಪೀಳಿಗೆಯಿಂದ ಪೀಳಿಗೆಗೆ ಕಳೆದುಕೊಳ್ಳುವುದೂ ಹೀಗೆ ಲೆಕ್ಕಕ್ಕೆ ಸಿಗುತ್ತದೆ. ಪರಿಣಾಮಕಾರಿಯಾಗಿ 50 ಗಿಡ ಸಂತಾನಕ್ಕೆ ಪಾಲು ಕೊಡುತ್ತಿದ್ದರೆ ಒಂದು ಪೀಳಿಗೆಗೆ ಹೆಟೆರೋಝೈಗೋಸಿಟಿ ಸುಮಾರು ಶೇ 1 ನಷ್ಟವಾಗುತ್ತದೆ. 10 ಗಿಡ ಮಾತ್ರ ಆದರೆ ಶೇ 5. ಹತ್ತು ಪೀಳಿಗೆ ಕಳೆದಾಗ ಮೊದಲನೆಯದರಲ್ಲಿ ಶೇ 90 ಉಳಿದಿರುತ್ತದೆ, ಎರಡನೆಯದರಲ್ಲಿ ಶೇ 60. ಪರಿಣಾಮಕಾರಿ ಅನ್ನುವ ಪದಕ್ಕೂ ಇಲ್ಲಿ ತೂಕವಿದೆ. ನಿಂತಿರುವ ಗಿಡಗಳೆಲ್ಲ ಬೀಜ ಕೊಡುವುದಿಲ್ಲ. ಕೊಟ್ಟರೂ ಸಮನಾಗಿ ಕೊಡುವುದಿಲ್ಲ. ಹತ್ತು ಮರಗಳಲ್ಲಿ ಎರಡೇ ಮರದ ಬೀಜ ಮೊಳೆತು ಬದುಕಿದರೆ, ಮುಂದಿನ ಪೀಳಿಗೆಗೆ ಲೆಕ್ಕ ಆ ಎರಡರದ್ದೇ.

ಎಷ್ಟೋ ಗಿಡ, ಆದರೆ ಒಂದೇ ಜೀವ

ಮಾರ್ಕರ್ ಇಲ್ಲದಿದ್ದರೆ ನಾವು ಪೂರ್ತಿ ದಾರಿ ತಪ್ಪುತ್ತಿದ್ದ ಸಂದರ್ಭಗಳೂ ಇವೆ. ಟಾಸ್ಮೇನಿಯಾದ ನೈಋತ್ಯ ಭಾಗದಲ್ಲಿ ಲೊಮೇಷಿಯಾ ಟಾಸ್ಮಾನಿಕಾ ಅನ್ನುವ ಪೊದೆಗಿಡವಿದೆ. ಕಿಂಗ್ಸ್ ಲೊಮೇಷಿಯಾ ಅಂತಲೂ ಕರೆಯುತ್ತಾರೆ. ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ಜಾಗದಲ್ಲಿ ಕೆಲವು ನೂರು ಕಾಂಡಗಳು. ಕೆಂಪು ಹೂ ಬಿಡುತ್ತದೆ, ಹಣ್ಣು ಮಾತ್ರ ಕಂಡವರಿಲ್ಲ. 1990ರ ದಶಕದಲ್ಲಿ ಪರೀಕ್ಷೆ ಮಾಡಿದಾಗ ಆ ಕಾಂಡಗಳ ನಡುವೆ ಯಾವ ವ್ಯತ್ಯಾಸವೂ ಸಿಗಲಿಲ್ಲ. ಕ್ರೋಮೋಸೋಮ್‌ಗಳು ಎರಡು ಸೆಟ್ ಬದಲು ಮೂರು ಸೆಟ್ ಇದ್ದವು. ಆದ್ದರಿಂದಲೇ ಬೀಜ ಕಟ್ಟುವುದಿಲ್ಲ. ಬಿದ್ದ ಕೊಂಬೆ ಬೇರು ಬಿಟ್ಟು ಹೊಸ ಕಾಂಡವಾಗುತ್ತದೆ. ಅಷ್ಟೂ ಕಾಂಡಗಳು ಸೇರಿ ಒಂದೇ ಗಿಡ. ಹತ್ತಿರದಲ್ಲೇ ಸಿಕ್ಕ ಇದೇ ಆಕಾರದ ಎಲೆಯ ಪಳೆಯುಳಿಕೆಗೆ ಕನಿಷ್ಠ 43,600 ವರ್ಷ ವಯಸ್ಸು. ಹಾಗಾಗಿ ಈ ಒಂದೇ ಗಿಡ ಅಷ್ಟು ಕಾಲದಿಂದ ತನ್ನನ್ನೇ ನಕಲು ಮಾಡಿಕೊಂಡು ಬದುಕಿರಬಹುದು ಅನ್ನುತ್ತಾರೆ.

ಇಂಥ ಗುರುತು ಹಿಡಿಯುವುದು ಮಾರ್ಕರ್‌ಗಳಿಗೆ ಸುಲಭದ ಕೆಲಸ. ಒಂದು ಜಾಗದಲ್ಲಿ ಎರಡು ಗಿಡಗಳು ಆಕಸ್ಮಿಕವಾಗಿ ಒಂದೇ ರೀತಿ ಇರುವ ಸಾಧ್ಯತೆ ಐದರಲ್ಲಿ ಒಂದು ಅಂದುಕೊಂಡರೂ, ಎಂಟು ಜಾಗಗಳಲ್ಲೂ ಹೊಂದಿಕೆಯಾಗುವ ಸಾಧ್ಯತೆ 3,90,625ರಲ್ಲಿ ಒಂದು. ಎಂಟೂ ಹೊಂದಿದರೆ ಅದು ಒಂದೇ ಗಿಡದ ನಕಲು ಅಂತ ಧೈರ್ಯವಾಗಿ ಹೇಳಬಹುದು. ಅಣ್ಣತಮ್ಮಂದಿರಾದ ಗಿಡಗಳ ನಡುವೆ ಮಾತ್ರ ಇನ್ನೂ ಕೆಲವು ಜಾಗ ನೋಡಬೇಕಾಗುತ್ತದೆ.

ಉತ್ತರ ತಿಳಿದ ಮೇಲೆ ನಿರ್ಧಾರ ಪೂರ್ತಿ ಬದಲಾಗುತ್ತದೆ. ಲೊಮೇಷಿಯಾಕ್ಕೆ ಬೀಜ ಸಂಗ್ರಹದ ಯೋಜನೆ ಮಾಡಿ ಪ್ರಯೋಜನವಿಲ್ಲ. ಗುಂಪುಗಳ ನಡುವೆ ಪರಾಗ ಸಾಗಿಸಿಯೂ ಪ್ರಯೋಜನವಿಲ್ಲ. ಕಡ್ಡಿ ನೆಟ್ಟು ಬೇರೆಬೇರೆ ಸಸ್ಯೋದ್ಯಾನಗಳಲ್ಲಿ ಪ್ರತಿ ಇಡಬೇಕು. ಮಣ್ಣಿನ ಮೂಲಕ ಹರಡುವ ಫೈಟೋಫ್ತೊರಾ ರೋಗ ಅಲ್ಲಿಗೆ ಬಾರದಂತೆ ಕಾಯಬೇಕು. ಒಂದು ಕಾಂಡಕ್ಕೆ ತಡೆದುಕೊಳ್ಳುವ ಶಕ್ತಿ ಇಲ್ಲದ ರೋಗವನ್ನು ಅಷ್ಟರಲ್ಲಿ ಒಂದಕ್ಕೂ ತಡೆದುಕೊಳ್ಳಲಾಗುವುದಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಮಾಡುವ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯ ನಿಯಮದಲ್ಲಿ ಸ್ವತಂತ್ರವಾಗಿ ಬದುಕಬಲ್ಲ ಕಾಂಡಗಳನ್ನು ಬೇರೆಬೇರೆ ಗಿಡಗಳಾಗಿಯೇ ಎಣಿಸುತ್ತಾರೆ. ಗಿಡ ನಾಳೆಯೇ ಕಣ್ಮರೆಯಾಗುತ್ತದೋ ಇಲ್ಲವೋ ಅಂತ ಅಂದಾಜು ಮಾಡಲು ಆ ಎಣಿಕೆ ಸರಿಯಿರಬಹುದು. ಆದರೆ ಪುನರುಜ್ಜೀವನದ ಯೋಜನೆ ಮಾಡುವವರು ಆ ಸಂಖ್ಯೆಯನ್ನೇ ನಂಬಿ ಕೂತರೆ ಕಷ್ಟ.

ಇನ್ನೊಂದು ಅಪಾಯ ಸಂಕರ. ಕ್ಯಾಲಿಫೋರ್ನಿಯಾದ ಸಾಂತಾ ಕ್ಯಾಟಲೀನಾ ದ್ವೀಪದಲ್ಲಿ ಕ್ಯಾಟಲೀನಾ ಮಹಾಗನಿ ಅನ್ನುವ ಅತಿ ಅಪರೂಪದ ಮರವಿದೆ. ಬೆರಳೆಣಿಕೆಯ ದೊಡ್ಡ ಮರಗಳು ಉಳಿದಿದ್ದಾಗ, 1980ರ ದಶಕದ ಕೊನೆಯಲ್ಲಿ ಕಿಣ್ವಗಳ ಪರೀಕ್ಷೆ ನಡೆಯಿತು. ಅವುಗಳಲ್ಲೂ ಕೆಲವು ಪಕ್ಕದಲ್ಲೇ ಹೇರಳವಾಗಿ ಬೆಳೆಯುವ ಸೋದರ ಪ್ರಭೇದದ ಜೊತೆ ಬೆರೆತ ಮರಗಳು ಅಂತ ಗೊತ್ತಾಯಿತು. ಪರಾಗ ಗಾಳಿಯಲ್ಲಿ ಬರುತ್ತದೆ, ಬೇಲಿ ಹಾಕಿ ತಡೆಯಲಾಗದು. ಇಲ್ಲಿ ಕಣ್ಣಂದಾಜಿನಲ್ಲಿ ‘ಚೆನ್ನಾಗಿ ಬೆಳೆದ’ ಮರದಿಂದ ಕಡ್ಡಿಯೋ ಬೀಜವೋ ತಂದು ನೂರಾರು ಸಸಿ ಮಾಡಿದ್ದರೆ, ಉಳಿಸಬೇಕಾದ ಪ್ರಭೇದವನ್ನು ನಾವೇ ಕೈಯಾರೆ ಕರಗಿಸುತ್ತಿದ್ದೆವು.

ಸಾಧನಗಳ ವಿಷಯ

ಮಾರ್ಕರ್‌ಗಳ ಚರಿತ್ರೆ ಉದ್ದಕ್ಕಿದೆ, ಎಲ್ಲ ಹೇಳುವ ಅಗತ್ಯವಿಲ್ಲ. 1960ರ ದಶಕದಲ್ಲಿ ಕಿಣ್ವಗಳ ರೂಪಭೇದ ನೋಡುವ ಅಲೋಝೈಮ್ ಬಂತು. ಪಿಸಿಆರ್ ಬಂದ ಮೇಲೆ 1989ರಲ್ಲಿ ಮೈಕ್ರೋಸ್ಯಾಟಲೈಟ್, ಆಮೇಲೆ ಡಿಎನ್‌ಎ ತುಂಡುಗಳನ್ನು ಪಟ್ಟಿಗಳಾಗಿ ನೋಡುವ ವಿಧಾನಗಳು: 1990ರಲ್ಲಿ ಆರ್‌ಎಪಿಡಿ, 1994ರಲ್ಲಿ ಐಎಸ್‌ಎಸ್‌ಆರ್, 1995ರಲ್ಲಿ ಎಎಫ್‌ಎಲ್‌ಪಿ. 2008ರ ನಂತರ ಡಿಎನ್‌ಎಯ ಸಾವಿರಾರು ಜಾಗಗಳನ್ನು ಒಟ್ಟಿಗೇ ಓದುವ ರ‍್ಯಾಡ್ ಸೀಕ್ವೆನ್ಸಿಂಗ್, 2011ರಲ್ಲಿ ಅಂಥದ್ದೇ ಇನ್ನೊಂದು ವಿಧಾನ ಜಿಬಿಎಸ್. ಈ ಕೊನೆಯ ಎರಡರಲ್ಲಿ ಸಿಗುವುದು ಒಂದೊಂದೇ ಅಕ್ಷರದ ವ್ಯತ್ಯಾಸ. ಅವುಗಳಿಗೆ ಎಸ್‌ಎನ್‌ಪಿ ಅನ್ನುತ್ತಾರೆ.

ಆರ್‌ಎಪಿಡಿ ಬಗ್ಗೆ ಎರಡು ಮಾತು ಹೇಳಬೇಕು. ಅಪರೂಪದ ಗಿಡಗಳ ಅಧ್ಯಯನಕ್ಕೆ ಅದು ಬಾಗಿಲು ತೆರೆದುಕೊಟ್ಟಿತು ಅನ್ನುವುದು ನಿಜ. ಗಿಡದ ಡಿಎನ್‌ಎ ಬಗ್ಗೆ ಮುಂಚೆ ಏನೂ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಖರ್ಚೂ ಕಡಿಮೆ. ಪಿಸಿಆರ್ ಎಲ್ಲಿಂದ ಶುರುವಾಗಬೇಕು ಅಂತ ತೋರಿಸುವ ಡಿಎನ್‌ಎ ಚೂರಿಗೆ ಪ್ರೈಮರ್ ಅನ್ನುತ್ತಾರೆ; ಹತ್ತೇ ಅಕ್ಷರದ ಪ್ರೈಮರ್ ಹಾಕಿದರೆ, ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಪಟ್ಟಿಗಳು ಮೂಡುತ್ತವೆ. ಪಟ್ಟಿ ಇದ್ದರೆ 1, ಇಲ್ಲದಿದ್ದರೆ 0. ಆದರೆ ತೊಂದರೆಯೂ ಅಲ್ಲೇ ಇದೆ. ಪಟ್ಟಿ ಇದೆ ಅಂದಾಗ ಅಲೀಲ್ ಒಂದು ಪ್ರತಿ ಇದೆಯೋ ಎರಡು ಇದೆಯೋ ತಿಳಿಯುವುದಿಲ್ಲ. ಹೆಟೆರೋಝೈಗೋಸಿಟಿಯನ್ನು ನೇರವಾಗಿ ಅಳೆಯಲು ಆಗುವುದಿಲ್ಲ, ಊಹೆಯ ಮೇಲೆ ಲೆಕ್ಕ ಹಾಕಬೇಕು. ಉಷ್ಣತೆ ಸ್ವಲ್ಪ ಬದಲಾದರೂ ಪಟ್ಟಿ ಬರಬಹುದು, ಹೋಗಬಹುದು. ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲಿ ಹಾಗೆಯೇ ಬರುವ ಖಾತ್ರಿ ಇಲ್ಲ. ಎಲೆಯ ಮೇಲಿನ ಶಿಲೀಂಧ್ರದ ಡಿಎನ್‌ಎ ಕೂಡ ಪಟ್ಟಿ ಕೊಡಬಲ್ಲದು.

ಹೀಗಿದ್ದೂ ಮೂರು ಗುಂಪುಗಳಿಂದ ಐದೈದು ಗಿಡ, ಒಂದಷ್ಟು ಪ್ರೈಮರ್, ಕೊನೆಗೆ ಯಾವುದು ಯಾವುದಕ್ಕೆ ಹತ್ತಿರ ಅಂತ ತೋರಿಸುವ ಒಂದು ಕವಲುಚಿತ್ರ, ‘ಹೆಚ್ಚು ವೈವಿಧ್ಯ ಇರುವ ಗುಂಪನ್ನು ಸಂರಕ್ಷಿಸಬೇಕು’ ಅನ್ನುವ ಒಂದು ಸಾಲು. ಈ ಅಚ್ಚಿನ ಅಧ್ಯಯನಗಳು ವರ್ಷಗಟ್ಟಲೆ ಬಂದವು. ಇದನ್ನು ಮಾಡಿದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಸಂಪನ್ಮೂಲ ಕಡಿಮೆ ಇರುವಲ್ಲಿ ಅದೇ ಕೈಗೆ ಸಿಗುವ ಸಾಧನವಾಗಿತ್ತು. ಆದರೆ ಐದು ಗಿಡ ಅಂದರೆ ಹತ್ತೇ ಪ್ರತಿ. ಮೇಲಿನ ಲೆಕ್ಕದ ಪ್ರಕಾರ ಶೇ 5ರಷ್ಟಿರುವ ಅಲೀಲ್ ಸಿಗದೇ ಹೋಗುವ ಸಾಧ್ಯತೆ ಸುಮಾರು ಶೇ 60. ಅಂಥ ಮಾದರಿಯ ಮೇಲೆ ಒಂದು ಗುಂಪನ್ನು ಉಳಿಸಿ ಇನ್ನೊಂದನ್ನು ಬಿಡಿ ಅಂತ ಹೇಳುವುದು ಸರಿಯಲ್ಲ. ಅದೂ ಅಲ್ಲದೆ, ವೈವಿಧ್ಯ ಕಡಿಮೆ ಇರುವ ಗುಂಪಿನಲ್ಲೇ ಬೇರೆಲ್ಲೂ ಇಲ್ಲದ ಅಲೀಲ್ ಇರಬಹುದು. ಅದನ್ನು ಕೈಬಿಟ್ಟರೆ ಆ ಅಲೀಲ್ ಎಂದೆಂದಿಗೂ ಹೋಯಿತು.

ಹೊಸ ಸಾಧನಗಳು ಬಂದ ಮಾತ್ರಕ್ಕೆ ಈ ಸಮಸ್ಯೆ ಮುಗಿಯುವುದಿಲ್ಲ. ಸಾವಿರಾರು ಎಸ್‌ಎನ್‌ಪಿ ಇದ್ದರೆ ಪ್ರತಿ ಗುಂಪಿನಿಂದ ಕಡಿಮೆ ಗಿಡ ನೋಡಿದರೂ ಗುಂಪುಗಳ ನಡುವಿನ ಅಂತರ ಚೆನ್ನಾಗಿ ತಿಳಿಯುತ್ತದೆ, ಹೌದು. ಆದರೆ ನಾವು ಎಲೆ ಕೀಳದ ಗಿಡದಲ್ಲಿರುವ ಅಲೀಲನ್ನು ಯಾವ ಯಂತ್ರವೂ ತೋರಿಸಲಾರದು.

ಸೊನ್ನೆ ಅಂತ ಬಂದರೆ ಸೊನ್ನೆಯೇ?

ಟೊರ್ರಿ ಪೈನ್ ಕ್ಯಾಲಿಫೋರ್ನಿಯಾದಲ್ಲಿ ಎರಡೇ ಕಡೆ ಸಹಜವಾಗಿ ಬೆಳೆಯುತ್ತದೆ. ಒಂದು ಸ್ಯಾನ್ ಡಿಯಾಗೊ ಕರಾವಳಿ, ಇನ್ನೊಂದು ಸಾಂತಾ ರೋಸಾ ದ್ವೀಪ. 1983ರ ಅಧ್ಯಯನದಲ್ಲಿ ಅಲೋಝೈಮ್ ವಿಧಾನದಿಂದ 59 ಜೀನ್ ಜಾಗಗಳನ್ನು ನೋಡಿದರು. ಕರಾವಳಿಯ ಮರಗಳೆಲ್ಲ ತಮ್ಮೊಳಗೆ ಒಂದೇ ಥರ. ದ್ವೀಪದ ಮರಗಳೂ ತಮ್ಮೊಳಗೆ ಒಂದೇ ಥರ. ಎರಡು ಗುಂಪುಗಳ ನಡುವೆ ಎರಡೇ ಜಾಗಗಳಲ್ಲಿ ವ್ಯತ್ಯಾಸ. ಗುಂಪಿನೊಳಗಿನ ವೈವಿಧ್ಯ ಸೊನ್ನೆ ಅಂತ ಆಗ ದಾಖಲಾಯಿತು. ಮುಂದೆ ಡಿಎನ್‌ಎಯ ಸಾವಿರಾರು ಜಾಗಗಳನ್ನು ಓದಲು ಸಾಧ್ಯವಾದಾಗ, ವೈವಿಧ್ಯ ಕಡಿಮೆಯೇ ಆದರೂ ಸೊನ್ನೆಯಲ್ಲ ಅಂತ ಕಂಡಿತು. ಅಲೋಝೈಮ್‌ಗೆ ಕಾಣುವುದು ಪ್ರೋಟೀನಿನ ವಿದ್ಯುದಾವೇಶ, ಆಕಾರ ಬದಲಿಸುವಂಥ ವ್ಯತ್ಯಾಸ ಮಾತ್ರ. ಉಳಿದದ್ದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಆಸ್ಟ್ರೇಲಿಯಾದ ವೊಲ್ಲೆಮಿ ಪೈನ್ ಇನ್ನೂ ತೀವ್ರ ಉದಾಹರಣೆ. 1994ರಲ್ಲಿ ಪತ್ತೆಯಾದ ಈ ಮರದ ಸಹಜ ದೊಡ್ಡ ಮರಗಳು ನೂರಕ್ಕಿಂತ ಕಡಿಮೆ. 2003ರಲ್ಲಿ ಪ್ರಕಟವಾದ ಅಧ್ಯಯನ 800ಕ್ಕೂ ಹೆಚ್ಚು ಎಎಫ್‌ಎಲ್‌ಪಿ ಜಾಗ ನೋಡಿದರೂ ಒಂದೇ ಒಂದು ವ್ಯತ್ಯಾಸ ಕಾಣಲಿಲ್ಲ. ಅಷ್ಟು ಜಾಗ ನೋಡಿದ ಮೇಲೂ ಸಿಗದಿದ್ದರೆ ವೈವಿಧ್ಯ ತೀರಾ ಕಡಿಮೆ ಅನ್ನುವುದರಲ್ಲಿ ಅನುಮಾನವಿಲ್ಲ. 59 ಜಾಗದ ಸೊನ್ನೆಗೂ 800 ಜಾಗದ ಸೊನ್ನೆಗೂ ಒಂದೇ ಬೆಲೆಯಲ್ಲ ಅಲ್ವಾ?

ಟೊರ್ರಿ ಪೈನ್ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಎರಡೂ ಕಡೆಯ ಮರಗಳನ್ನು ಕೂಡಿಸಿ ಪಡೆದ ಸಸಿಗಳನ್ನು ಶುದ್ಧ ಸಸಿಗಳ ಪಕ್ಕದಲ್ಲೇ ಬೆಳೆಸಿ ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಿಶ್ರ ಸಸಿಗಳು ಹೆಚ್ಚು ಎತ್ತರ ಬೆಳೆದವು. ಹಾಗಾದರೆ ಎರಡನ್ನೂ ಬೆರೆಸಿಬಿಡೋಣವೇ? ಇಲ್ಲಿ ಎಚ್ಚರ ಬೇಕು. ಮೊದಲ ಪೀಳಿಗೆಯ ಮಿಶ್ರ ಗಿಡಗಳು ಹುಲುಸಾಗಿ ಬೆಳೆಯುವುದು ಸಾಮಾನ್ಯ. ಬೇರೆಬೇರೆ ನೆಲ, ಹವೆಗೆ ಸಾವಿರಾರು ವರ್ಷ ಹೊಂದಿಕೊಂಡ ಜೀನ್‌ಗಳ ಜೋಡಣೆ ಒಡೆಯುವುದು ಎರಡನೆಯ, ಮೂರನೆಯ ಪೀಳಿಗೆಯಲ್ಲಿ. ಅದನ್ನು ನೋಡಲು ಮರಗಳ ವಿಷಯದಲ್ಲಿ ದಶಕಗಳೇ ಬೇಕು. ನನ್ನ ಅಭಿಪ್ರಾಯ ಹೇಳುವುದಾದರೆ, ಇಂಥ ಕಡೆ ಎರಡೂ ಶುದ್ಧ ಗುಂಪುಗಳನ್ನು ಹಾಗೇ ಉಳಿಸಿಕೊಂಡು, ಮೂರನೆಯ ಜಾಗದಲ್ಲಿ ಮಿಶ್ರ ಗಿಡ ಬೆಳೆಸಿ ಕಾಯುವುದೇ ಸರಿ. ಸಹಜ ನೆಲೆಯಲ್ಲಿ ಒಮ್ಮೆ ಬೆರೆಸಿದ್ದನ್ನು ಮತ್ತೆ ಬೇರೆ ಮಾಡಲಾಗದು.

ಇನ್ನೊಂದು ಮಾತೂ ಇದಕ್ಕೆ ತಗುಲಿಕೊಂಡಿದೆ. ಮಾರ್ಕರ್ ತೋರಿಸುವ ವೈವಿಧ್ಯವೂ ಬರ, ರೋಗ, ಬಿಸಿಲು ತಡೆಯುವ ಗುಣಗಳ ವೈವಿಧ್ಯವೂ ಒಂದೇ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2001ರ ವಿಶ್ಲೇಷಣೆಯೊಂದರಲ್ಲಿ ಇವೆರಡರ ನಡುವಿನ ನಂಟು ಸರಾಸರಿ 0.22ರ ಆಸುಪಾಸು ಬಂತು. ಪೂರ್ತಿ ನಂಟಿದ್ದರೆ 1 ಬರಬೇಕಿತ್ತು. ಹಾಗಾಗಿ ಮಾರ್ಕರ್ ಪ್ರಕಾರ ಎರಡು ಗುಂಪುಗಳು ಒಂದೇ ಥರ ಇವೆ ಅಂದಾಕ್ಷಣ, ಒಂದರ ಸಸಿಯನ್ನು ಇನ್ನೊಂದರ ಜಾಗದಲ್ಲಿ ನೆಟ್ಟರೆ ಬದುಕುತ್ತದೆ ಅಂತಲ್ಲ. ಅದಕ್ಕೆ ಎರಡೂ ಕಡೆಯ ಸಸಿಗಳನ್ನು ಪಕ್ಕಪಕ್ಕದಲ್ಲಿ ಬೆಳೆಸಿಯೇ ನೋಡಬೇಕು.

ಮರಗಳ ವಿಷಯದಲ್ಲಿ ಸಮಯವೂ ಮೋಸ ಮಾಡುತ್ತದೆ. ಕಾಡು ತುಂಡಾಗಿ 40 ವರ್ಷವಾಗಿದೆ, ಉಳಿದ ಮರಗಳ ವಯಸ್ಸು 150 ಅಂದುಕೊಳ್ಳಿ. ಆ ಮರಗಳ ಎಲೆ ಪರೀಕ್ಷಿಸಿದರೆ ವೈವಿಧ್ಯ ಚೆನ್ನಾಗಿಯೇ ಇರುತ್ತದೆ. ಅವು ಹುಟ್ಟಿದ್ದು ಕಾಡು ಒಟ್ಟಾಗಿದ್ದಾಗ. ಕಾಡು ಒಡೆದದ್ದರ ಪೆಟ್ಟು ಕಾಣುವುದು ಕೆಳಗಿನ ಮರಿಸಸಿಗಳಲ್ಲಿ, ಈ ವರ್ಷದ ಬೀಜದಲ್ಲಿ. ಪಕ್ಕದ ಅಣ್ಣತಮ್ಮಂದಿರ ಪರಾಗವೇ ಬೀಳುತ್ತಿದೆಯೇ, ತನ್ನ ಪರಾಗವೇ ತನಗೆ ಬೀಳುತ್ತಿದೆಯೇ ಅನ್ನುವುದನ್ನು ಬೀಜದ ಮೊಳಕೆಯ ಡಿಎನ್‌ಎ ಹೇಳುತ್ತದೆ. ದೊಡ್ಡ ಮರಗಳನ್ನಷ್ಟೇ ನೋಡಿ ‘ಆತಂಕವಿಲ್ಲ’ ಅಂತ ಬರೆದ ವರದಿ ಇದ್ದರೆ ಅದನ್ನು ಮತ್ತೆ ತೆರೆದು ನೋಡುವುದು ಒಳ್ಳೆಯದು.

ಮಾರ್ಕರ್ ಇಲ್ಲದೆಯೂ ಸಿಕ್ಕ ಉತ್ತರ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲೇಕ್‌ಸೈಡ್ ಡೈಸಿ ಅನ್ನುವ ಹಳದಿ ಹೂವಿನ ಗಿಡದ ಕೊನೆಯ ಗುಂಪು 15ಕ್ಕೂ ಹೆಚ್ಚು ವರ್ಷ ಬೀಜವನ್ನೇ ಕಟ್ಟಿರಲಿಲ್ಲ. ಗಿಡಗಳು ಆರೋಗ್ಯವಾಗಿದ್ದವು, ಹೂ ಬಿಡುತ್ತಿದ್ದವು, ಕೀಟಗಳೂ ಬರುತ್ತಿದ್ದವು. ಸಂಶೋಧಕರು ಕೈಯಿಂದಲೇ ಪರಾಗ ಹಚ್ಚಿ ನೋಡಿದರು. ಗುಂಪಿನ ಒಳಗೇ ಯಾವ ಗಿಡಕ್ಕೆ ಯಾವ ಗಿಡದ ಪರಾಗ ಹಚ್ಚಿದರೂ ಬೀಜ ಇಲ್ಲ. ಒಹಾಯೋ ರಾಜ್ಯದ ಗಿಡದ ಪರಾಗ ಹಚ್ಚಿದಾಗ ಬೀಜ ಕಟ್ಟಿತು.

ಕಾರಣ ಇಷ್ಟು. ಈ ಜಾತಿಯ ಹೂವಿಗೆ ತನ್ನಂಥದೇ ಪರಾಗವನ್ನು ಗುರುತಿಸಿ ತಳ್ಳಿಹಾಕುವ ಜೀನ್ ಒಂದಿದೆ. ಆ ಜೀನಿನ ರೂಪ ಹೂವಿನಲ್ಲೂ ಪರಾಗದಲ್ಲೂ ಒಂದೇ ಆಗಿದ್ದರೆ ಪರಾಗಕ್ಕೆ ಪ್ರವೇಶವಿಲ್ಲ. ದೊಡ್ಡ ಗುಂಪಿನಲ್ಲಿ ಹತ್ತಾರು ರೂಪಗಳಿರುವುದರಿಂದ ತೊಂದರೆಯಿಲ್ಲ. ಗುಂಪು ಕುಗ್ಗಿದಾಗ ರೂಪಗಳು ಒಂದೊಂದಾಗಿ ಕಳೆದು, ಕೊನೆಗೆ ಉಳಿದವರೆಲ್ಲ ಒಂದೇ ರೂಪದವರಾಗಿ, ಒಬ್ಬರ ಪರಾಗದಿಂದ ಇನ್ನೊಬ್ಬರು ಬೀಜ ಕಟ್ಟಲಾಗದವರಾಗಿಬಿಡುತ್ತಾರೆ. ಮೌನಾ ಕಿಯಾದ ಸಿಲ್ವರ್‌ಸ್ವೋರ್ಡ್ ಕೂಡ ಇದೇ ಸ್ವಭಾವದ್ದು. ಹಾಗಾಗಿಯೇ ಎರಡು ತಾಯಿಗಿಡಗಳ ಸಂತತಿ ಅಂದಾಗ ಅಷ್ಟು ಆತಂಕವಾಗುವುದು.

ಸಾಮಾನ್ಯ ಮೈಕ್ರೋಸ್ಯಾಟಲೈಟ್ ಪರೀಕ್ಷೆ ಈ ಒಂದು ಜೀನನ್ನು ನೋಡುವುದೇ ಇಲ್ಲ. ಬ್ರಶ್, ಕಾಗದದ ಪೊಟ್ಟಣ, ತಾಳ್ಮೆ ಇದ್ದರೆ ಕೈ ಪರಾಗಸ್ಪರ್ಶ ಸಾಕು. ಡಿಎನ್‌ಎ ಪರೀಕ್ಷೆಗೆ ಹಣ ಹುಡುಕುವ ಮುಂಚೆ ಈ ಗಿಡ ಬೀಜ ಕಟ್ಟುತ್ತಿದೆಯೇ, ಮೊಳಕೆ ಬರುತ್ತಿದೆಯೇ ಅಂತ ನೋಡುವುದು ಯಾವತ್ತೂ ವ್ಯರ್ಥವಲ್ಲ.

500ರ ಗುರಿ ಮತ್ತು ಈಗಿನ ಚರ್ಚೆ

2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಜಗತ್ತಿನ ದೇಶಗಳು ಒಪ್ಪಿದ ಕುನ್ಮಿಂಗ್-ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟು, ಪ್ರಭೇದಗಳ ಒಳಗಿನ ಆನುವಂಶಿಕ ವೈವಿಧ್ಯವನ್ನೂ ಉಳಿಸಬೇಕು ಅಂತ ಸ್ಪಷ್ಟವಾಗಿ ಹೇಳುತ್ತದೆ. ಬೆಳೆ, ಸಾಕುಪ್ರಾಣಿಗಳದ್ದು ಮಾತ್ರವಲ್ಲ, ಕಾಡಿನ ಪ್ರಭೇದಗಳದ್ದೂ. ಅದನ್ನು ಅಳೆಯಲು ಆರಿಸಿದ ಮುಖ್ಯ ಸೂಚಕ ಹೀಗಿದೆ: ಒಂದು ಪ್ರಭೇದದ ಎಷ್ಟು ಗುಂಪುಗಳಲ್ಲಿ ಪರಿಣಾಮಕಾರಿ ಸಂಖ್ಯೆ 500ಕ್ಕಿಂತ ಹೆಚ್ಚಿದೆ? ಪರಿಣಾಮಕಾರಿ ಸಂಖ್ಯೆ ನಿಜವಾದ ಎಣಿಕೆಯ ಹತ್ತನೇ ಒಂದು ಭಾಗ ಅಂತ ಸರಾಸರಿ ಹಿಡಿಯುತ್ತಾರೆ. ಅಂದರೆ ಸುಮಾರು 5,000 ಬಲಿತ ಗಿಡಗಳಿರುವ ಗುಂಪು ಈ ಗೆರೆ ದಾಟುತ್ತದೆ.

ಇಲ್ಲಿ ಗಮನಿಸಬೇಕಾದ್ದು, ಈ ಸೂಚಕಕ್ಕೆ ಡಿಎನ್‌ಎ ಪರೀಕ್ಷೆ ಕಡ್ಡಾಯವಲ್ಲ. ಗಿಡ ಎಣಿಸಿಯೇ ಅಂದಾಜು ಕೊಡಬಹುದು. ಒಂಬತ್ತು ದೇಶಗಳು ಸೇರಿ 919 ಪ್ರಭೇದಗಳ ಮೇಲೆ ಇದನ್ನು ಮಾಡಿ ನೋಡಿ, 2024ರಲ್ಲಿ ಫಲಿತಾಂಶ ಪ್ರಕಟಿಸಿದವು. ಹೆಚ್ಚಿನ ಪ್ರಭೇದಗಳಿಗೆ ಡಿಎನ್‌ಎ ಮಾಹಿತಿ ಇಲ್ಲದೆಯೇ ಕೆಲಸ ನಡೆಯಿತು. ಪ್ರಯೋಗಾಲಯ ಇಲ್ಲದ ದೇಶಗಳೂ ವರದಿ ಕೊಡಬಹುದು ಅನ್ನುವುದು ದೊಡ್ಡ ಅನುಕೂಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಎಲ್ಲ ಪ್ರಭೇದಗಳ ಡಿಎನ್‌ಎ ಓದುವವರೆಗೂ ಕಾಯುತ್ತ ಕೂತರೆ ಓದಲು ಗಿಡಗಳೇ ಇರುವುದಿಲ್ಲ.

ಆದರೆ ಎಣಿಕೆ ತಪ್ಪು ಹೇಳುವ ಕಡೆಗಳನ್ನು ಮೇಲೆ ನೋಡಿದೆವು. ಕಾಂಡದಿಂದ ಹರಡುವ ಗಿಡ, ಸೋದರ ಪ್ರಭೇದದ ಜೊತೆ ಬೆರೆಯುತ್ತಿರುವ ಗಿಡ, ನರ್ಸರಿಯಿಂದ ಬಂದು ನೆಲೆಯಾದ ಗುಂಪು, ಮುದಿ ಮರಗಳೇ ತುಂಬಿದ ತುಂಡು ಕಾಡು. ಡಿಎನ್‌ಎ ಪರೀಕ್ಷೆಗೆ ಇರುವ ಸೀಮಿತ ಹಣ ಮೊದಲು ಹೋಗಬೇಕಾದ್ದು ಇಲ್ಲಿಗೆ. ಅದಕ್ಕೊಂದು ಸುಲಭದ ಕಟ್ಟಲೆಯನ್ನು ಹಣ ಕೊಡುವವರು ಹಾಕಬಹುದು. ಅರ್ಜಿಯಲ್ಲೇ ಬರೆಯಲಿ: ಉತ್ತರ ಹೀಗೆ ಬಂದರೆ ಏನು ಮಾಡುತ್ತೇವೆ, ಹಾಗೆ ಬಂದರೆ ಏನು ಮಾಡುತ್ತೇವೆ. ಎರಡಕ್ಕೂ ಒಂದೇ ಉತ್ತರವಾದರೆ ಆ ಪರೀಕ್ಷೆ ಈಗ ಬೇಡ. ಆ ಹಣದಲ್ಲಿ ಬೇಲಿ ಹಾಕಲಿ, ಬೀಜ ಸಂಗ್ರಹಿಸಲಿ.

ಇನ್ನೊಂದು ಕೆಲಸಕ್ಕೆ ಹಣವೂ ಹೆಚ್ಚು ಬೇಡ. ಎಲೆ ಕಿತ್ತ ಪ್ರತಿ ಗಿಡಕ್ಕೂ ಬಾಳಿಕೆ ಬರುವ ಲೋಹದ ಬಿಲ್ಲೆ ಕಟ್ಟಬೇಕು. ಅದೇ ಸಂಖ್ಯೆ ಡಿಎನ್‌ಎ ಕಡತದಲ್ಲಿರಬೇಕು, ಅದೇ ಸಂಖ್ಯೆ ಬೀಜದ ಪೊಟ್ಟಣದ ಮೇಲಿರಬೇಕು, ನರ್ಸರಿಯ ರಿಜಿಸ್ಟರಿನಲ್ಲಿ ಪ್ರತಿ ಸಸಿಯ ಮುಂದೆಯೂ ಅದೇ ತಾಯಿಗಿಡದ ಸಂಖ್ಯೆ ಇರಬೇಕು. ಎಷ್ಟೋ ಕಡೆ ಪ್ರಯೋಗಾಲಯದಲ್ಲಿ ಒಂದು ಸಂಖ್ಯೆ, ಕಾಡಿನಲ್ಲಿ ಇನ್ನೊಂದು, ನರ್ಸರಿಯಲ್ಲಿ ಎಲ್ಲ ಬೀಜ ಒಂದೇ ಚೀಲದಲ್ಲಿ. ಆಗ 17ನೇ ಗಿಡದಲ್ಲಿ ಬೇರೆಲ್ಲೂ ಇಲ್ಲದ ಅಲೀಲ್ ಇದೆ ಅಂತ ವರದಿ ಹೇಳಿದರೂ, ಆ 17ನೇ ಗಿಡ ಯಾವುದು ಅಂತ ಬೀಜ ತರಲು ಹೋದವನಿಗೆ ಗೊತ್ತಾಗುವುದಿಲ್ಲ.